ಎರಡು ಬೆರಳು ಹೆಚ್ಚು

ನೆಲಮಂಗಲದ ರಸ್ತೆಯಲ್ಲಿ ಮದುವೆ ಛತ್ರಗಳ ಬಾಗಿಲಿಗೆ ಫೈಬರ್ ಆನೆಗಳನ್ನು ಮಾಡಿಕೊಡುವ ಶೆಡ್ಡೊಂದಿದೆ. ಅದರ ಮುಂದೆ ಬಸ್ಸು ನಿಂತಾಗಲೆಲ್ಲ ರೆಸಿನ್ ಅಂಟಿನ ವಾಸನೆ ಕಿಟಕಿಯಿಂದ ಒಳಗೆ ಬರುತ್ತದೆ. ಅತಿಯಾಗಿ ಹಣ್ಣಾದ ಬಾಳೆಗೆ ಸೀಮೆಎಣ್ಣೆ ಸುರಿದಂಥ ವಾಸನೆ. ಪಕ್ಕದವರು ಮೂಗಿಗೆ ಸೆರಗು ಹಿಡಿಯುತ್ತಾರೆ. ನಾನು ದೊಡ್ಡಬಳ್ಳಾಪುರದ ನಮ್ಮ ಮನೆಯ ಅಂಗಳದಲ್ಲಿ, ಹತ್ತು ವರ್ಷದವಳಾಗಿ, ಕೈಯೆಲ್ಲ ನವೆ ಹತ್ತಿಸಿಕೊಂಡು ಕೂತಿರುತ್ತೇನೆ.

ಆ ಮನೆಯ ನಡುಮನೆಯಲ್ಲೇ ನಾಲ್ಕು ಮಗ್ಗಗಳು ಕರೆಂಟಿನಲ್ಲಿ ಓಡುತ್ತಿದ್ದವು. ಅವುಗಳ ಸದ್ದಿನಲ್ಲಿ ಉಪ್ಪು ಕೇಳಿದವರಿಗೆ ಸಾರು ಬೀಳುತ್ತಿತ್ತು. ಹಾಗಾಗಿ ಮುಖ್ಯವಾದ ಮಾತುಗಳನ್ನೆಲ್ಲ ಕರೆಂಟು ಹೋದಾಗ ಆಡುವುದು ನಮ್ಮ ವಂಶದ ಸಂಪ್ರದಾಯವಾಗಿತ್ತು. ಯಜಮಾನರು ಅಪ್ಪ. ಮಗ್ಗಗಳನ್ನು ನಿಜವಾಗಿ ಓಡಿಸುತ್ತಿದ್ದವನು ಅವರ ತಮ್ಮ, ನನ್ನ ಸೀನ ಚಿಕ್ಕಪ್ಪ. ಹಿತ್ತಲಲ್ಲಿ ಹೊಸ ಶೆಡ್ಡು ಎದ್ದಿತ್ತು, ಅದಕ್ಕೆ ಇನ್ನೂ ಎರಡು ಮಗ್ಗ ಬರುವುದಿತ್ತು. ಯುಗಾದಿಗೆ ಅದನ್ನು ಸೀನನ ವಶಕ್ಕೆ ಕೊಡುತ್ತೇನೆಂದು ಅಪ್ಪ ಹೇಳಿದ್ದರು. ಮೂವತ್ತು ದಾಟಿದರೂ ಅಣ್ಣನ ಕೈಕೆಳಗೇ ಇದ್ದ ಚಿಕ್ಕಪ್ಪ ಆ ಖಾಲಿ ಶೆಡ್ಡನ್ನು ದಿನಕ್ಕೆರಡು ಸಲ ಗುಡಿಸುತ್ತಿದ್ದ.

ಸೀರೆಗಂಟು ಬೆಂಗಳೂರಿಗೆ ಸಾಗಿಸಲೆಂದು ಅಪ್ಪ ಹಳೆಯ ಅಂಬಾಸಿಡರ್ ಕೊಂಡಿದ್ದರು. ಅದರ ತುಕ್ಕು ಹಿಡಿದ ಡ್ಯಾಶ್‌ಬೋರ್ಡು ತೆಗೆಸಿ ಫೈಬರಿನದನ್ನು ಹಾಕಿಸಿದ ದಿನ ಮನೆಗೆ ಸೊಸೆ ಬಂದಷ್ಟು ಸಡಗರ. ಅರಿಸಿನ ಕುಂಕುಮವೂ ಆಯಿತು. ಟೇಪ್ ರೆಕಾರ್ಡರ್ ಕೂರಿಸಲು ಮಾತ್ರ ಅದರಲ್ಲಿ ತೂತಿರಲಿಲ್ಲ. ಆ ಮಹತ್ಕಾರ್ಯ ಚಿಕ್ಕಪ್ಪನ ಪಾಲಿಗೆ ಬಂತು. ಅವನು ಹರಿದ ನೂಲು ಕಟ್ಟುತ್ತ ನನ್ನ ಕಿವಿಯಲ್ಲಿ ಕೂಗಿದ: "ಪುಟ್ಟೀ, ಟೇಪಿನ ಅಳತೆಗೆ ಒಂದು ಕಾಗದ ಕತ್ತರಿಸಿ ಕೊಡೇ."

ನಮ್ಮ ಮನೆಯಲ್ಲಿ ಅಳತೆ ಅಂದರೆ ಒಂದೇ ಶಾಸ್ತ್ರ. ಮಗ್ಗದ ಮೇಲೆ ಬಿಗಿಯಾಗಿ ನಿಂತ ಬಟ್ಟೆ ಇಳಿಸಿದ ಮೇಲೆ ಕುಗ್ಗುತ್ತದೆ, ನೀರು ಕಂಡರೆ ಇನ್ನಷ್ಟು ಕುಗ್ಗುತ್ತದೆ. ಆದ್ದರಿಂದ ಏನನ್ನೇ ಅಳೆದರೂ ಎರಡು ಬೆರಳು ಹೆಚ್ಚು ಬಿಡಬೇಕು. ಇದನ್ನು ಅಜ್ಜಿ ನನಗೆ ಮಗ್ಗಿಗಿಂತ ಮೊದಲೇ ಕಲಿಸಿದ್ದಳು. ನಾನು ಟೇಪನ್ನು ಕಾಗದದ ಮೇಲಿಟ್ಟು, ಸುತ್ತ ಗೆರೆ ಎಳೆದು, ನಾಲ್ಕೂ ಕಡೆ ಭಕ್ತಿಯಿಂದ ಎರಡೆರಡು ಬೆರಳು ಬಿಟ್ಟು ಕತ್ತರಿಸಿದೆ. ಚಿಕ್ಕಪ್ಪ ಅದನ್ನು ಡ್ಯಾಶ್‌ಬೋರ್ಡಿಗೆ ಅಂಟಿಸಿ, ಅಂಚು ಹಿಡಿದು ಗರಗಸದ ಬ್ಲೇಡಿನಲ್ಲಿ ಕೊಯ್ದ. ನನ್ನನ್ನು ಅಷ್ಟು ನಂಬಿದವರು ಆಮೇಲೆ ಯಾರೂ ಸಿಗಲಿಲ್ಲ.

ಟೇಪು ಆ ತೂತಿನೊಳಗೆ ಹೋಯಿತು. ಹಾಗೇ ಮುಂದುವರಿದು ಬ್ರೇಕಿನ ಬುಡದಲ್ಲಿ ಬಿತ್ತು. ಚಿಕ್ಕಪ್ಪ ತೂತನ್ನು ನೋಡಿದ, ಕಾಗದವನ್ನು ನೋಡಿದ, ಕೊನೆಗೆ ನನ್ನನ್ನು.

"ಎರಡು ಬೆರಳು ಬಿಟ್ಟೆಯೇನೇ?"

ತಲೆಯಾಡಿಸಿದೆ.

"ಫೈಬರನ್ನ ಒಗೆದು ಒಣಗ್ಹಾಕ್ತಾರೇನೇ, ತಾಯಿ?" ಎಂದು ನಕ್ಕ.

ಸರಿಯಾಗಿ ಆಗಲೇ ಕರೆಂಟು ಹೋಯಿತು. ಬಂದು ನೋಡಿದ ಅಪ್ಪನ ಬೈಗುಳ ಇಡೀ ಬೀದಿಗೆ ಕೇಳಿಸಿತು. "ಒಂದು ತೂತು ಕೊಯ್ಯೋಕೆ ಬರ್ದವನು ಶೆಡ್ಡು ನೋಡ್ಕೋತೀಯೇನೋ? ಯಾವನೋ ಅಳತೆ ತಗೊಂಡೋನು?"

"ಅಳತೆ ನಂದೇ ಅಣ್ಣಾ. ತಪ್ಪಾಯ್ತು. ಸರಿ ಮಾಡ್ಬಿಡ್ತೀನಿ ಬಿಡು."

ನಾನು ಬಾಯಿ ಬಿಡಬಹುದಿತ್ತು. ಬಿಡಲಿಲ್ಲ.

ಎರಡು ಭಾನುವಾರ ನಾವಿಬ್ಬರೂ ಅಂಗಳದಲ್ಲಿ ಕೂತೆವು. ತೂತಿನ ಅಂಚನ್ನು ಅವನು ಉಪ್ಪುಕಾಗದದಿಂದ ಇಳಿಜಾರಾಗಿ ಉಜ್ಜಿದ. ಆ ಪುಡಿಗೆ ಮೊಣಕೈವರೆಗೂ ನವೆ. ಮುಂದುಗಡೆ ಪ್ಲಾಸ್ಟಿಕ್ ಹೊದಿಸಿದ ರಟ್ಟು ಕಟ್ಟಿ, ಹಿಂದಿನಿಂದ ಗಾಜಿನೆಳೆಯ ಚಾಪೆಯ ತುಂಡುಗಳನ್ನು ರೆಸಿನ್ನಿನಲ್ಲಿ ನೆನೆಸಿ ಪದರ ಪದರವಾಗಿ ಕೂರಿಸಿದ. "ನೋಡೇ, ಇದೂ ನೂಲೇ. ನೇಯೋದೊಂದೇ ಬಾಕಿ" ಎನ್ನುತ್ತಿದ್ದ. ಗಟ್ಟಿಯಾಗಿಸುವ ದ್ರವದ ಹನಿ ಬಿದ್ದೊಡನೆ ರೆಸಿನ್ನಿನ ಡಬ್ಬಿ ತನಗೆ ತಾನೇ ಬಿಸಿಯಾಗುತ್ತಿತ್ತು. ಒಣಗಿದ ಮೇಲೆ ಸಂದು ಮುಚ್ಚುವ ಪಟ್ಟಿ ಬಳಿದು, ಉಜ್ಜಿ, ಬಣ್ಣ ಹೊಡೆದು, ಈ ಸಲ ತಾನೇ ಅಳೆದು ತೂತು ಕೊಯ್ದ. ಟೇಪು ಗೂಡಿನೊಳಗಿನ ಹಕ್ಕಿಯಂತೆ ಕೂತಿತು. ಬೆಸುಗೆ ಎಲ್ಲಿದೆಯೆಂದು ನನಗೇ ಗೊತ್ತಾಗಲಿಲ್ಲ.

ಅಪ್ಪನಿಗೆ ಗೊತ್ತಾಗುತ್ತಿತ್ತು. ಮನೆಗೆ ಬಂದವರನ್ನೆಲ್ಲ, ಪಕ್ಕದ ಮಧುರೆ ಹಳ್ಳಿಯಿಂದ ಹಾಲು ತರುತ್ತಿದ್ದವನನ್ನೂ ಬಿಡದೆ, ಕಾರಿನ ಬಳಿ ಕರೆದೊಯ್ದು ಅಲ್ಲಿ ಹೆಬ್ಬೆರಳೊತ್ತಿ ತೋರಿಸುತ್ತಿದ್ದರು. "ನಮ್ ಸೀನನ ಕೈಚಳಕ ನೋಡಿ ಸ್ವಾಮಿ. ಟೇಪ್ ಹಾಕೋ ಅಂದ್ರೆ ಹೆಬ್ಬಾಗಿಲು ಇಟ್ಟಿದ್ದ." ಜನ ನಗುತ್ತಿದ್ದರು. ಚಿಕ್ಕಪ್ಪನೂ ನಗುತ್ತಿದ್ದ, ಮೊದಮೊದಲು. ಯುಗಾದಿಯ ದಿನ ಬೇವುಬೆಲ್ಲ ಹಂಚಿದ ಮೇಲೆ ಅಪ್ಪ ಶೆಡ್ಡಿನ ಬೀಗದ ಕೈಯನ್ನು ಅಮ್ಮನ ತಮ್ಮನಿಗೆ ಕೊಟ್ಟರು. "ಅಳತೆ ಗೊತ್ತಿರೋರ ಕೈಲಿರ್ಲಿ" ಎಂಬ ಆಶೀರ್ವಚನವೂ ಆಯಿತು. ಚಿಕ್ಕಪ್ಪ ಬೇವುಬೆಲ್ಲ ಅಗಿಯುತ್ತಲೇ ಇದ್ದ. ತಿಂಗಳೊಳಗೆ ಹೊಸಕೋಟೆಯ ಕಾರ್ಖಾನೆಯೊಂದಕ್ಕೆ ಸೇರಿದ. ಹೊರಡುವಾಗ ನನ್ನ ತಲೆ ಸವರಿ "ಚೆನ್ನಾಗಿ ಓದ್ಕೊಳೇ" ಎಂದ. ಆಗಲೂ ನಾನು ಸುಮ್ಮನಿದ್ದೆ. ಮಗ್ಗಗಳು ಓಡುತ್ತಿದ್ದವು, ಹೇಳಿದ್ದರೂ ಕೇಳಿಸುತ್ತಿರಲಿಲ್ಲವೆಂದು ಬಹಳ ವರ್ಷ ನನಗೆ ನಾನೇ ಸಮಾಧಾನ ಹೇಳಿಕೊಂಡಿದ್ದೇನೆ.

ಮಾವನ ಆಡಳಿತದಲ್ಲಿ ಶೆಡ್ಡು, ಕಾರು, ಕಡೆಗೆ ಮನೆ, ಒಂದೊಂದಾಗಿ ಕೈಬಿಟ್ಟುಹೋದವು. ಅಮ್ಮ ಹೋದ ಮೇಲೆ ಅಪ್ಪ ನನ್ನ ಮನೆಗೆ ಬಂದರು. ಒಂದು ಮಧ್ಯಾಹ್ನ ಅವರ ಉಗುರು ಕತ್ತರಿಸುತ್ತ, ತಡೆಯಲಾರದೆ ಹೇಳಿಬಿಟ್ಟೆ: "ಅಪ್ಪಾ, ಆ ಕಾಗದ ಕತ್ತರಿಸಿದ್ದು ನಾನು. ಚಿಕ್ಕಪ್ಪ ಅಲ್ಲ."

ಅಪ್ಪ ಕೈ ಹಿಂದಕ್ಕೆಳೆದುಕೊಳ್ಳಲಿಲ್ಲ.

"ಗೊತ್ತಿತ್ತು ಕಣಮ್ಮ. ಶೆಡ್ಡು ನಿಮ್ಮ ಮಾವನಿಗೆ ಅಂತ ಅದಕ್ಕೂ ಮುಂಚೆನೇ ಮಾತು ಕೊಟ್ಬಿಟ್ಟಿದ್ದೆ. ಸೀನನಿಗೆ ಹೇಳೋಕೆ ಒಂದು ನೆಪ ಬೇಕಾಗಿತ್ತು."

ಇನ್ನೊಂದು ಕೈ ಚಾಚಿದರು. ಆ ಕೈಯ ಉಗುರುಗಳನ್ನೂ ಒಂದೊಂದಾಗಿ ಕತ್ತರಿಸಿದೆ. ಚಿಕ್ಕಪ್ಪ ಹೊಸಕೋಟೆಯ ಬಾಡಿಗೆ ಮನೆಯಲ್ಲಿ ತೀರಿಕೊಂಡು ಆಗಲೇ ಎರಡು ವರ್ಷವಾಗಿತ್ತು.