ಕಡ್ಡಿಪೆಟ್ಟಿಗೆಯಲ್ಲಿ ಒಂದು ಎಳೆ

ಸಿರುಗುಪ್ಪದ ಹೈಸ್ಕೂಲಿನಲ್ಲಿ ನಾನು ವಿಜ್ಞಾನದ ಮೇಷ್ಟ್ರು. ಕೂದಲಿನ ಪಾಠ ಬಂತೆಂದರೆ ನನಗೆ ಸ್ವಲ್ಪ ಜಂಬವೇ. ಹೊರಗೆ ಹೆಂಚು ಹೊದಿಸಿದ ಹಾಗೆ ಹುರುಪೆಗಳು, ಒಳಗೆ ಹುರಿ ಹೊಸೆದಂಥ ಸಣ್ಣ ಎಳೆಗಳು; ಬಲವೆಲ್ಲ ಆ ಒಳಗಿನ ಎಳೆಗಳದ್ದೇ ಎಂದು ಬೋರ್ಡಿನ ಮೇಲೆ ಬರೆದು, ಕಳೆದ ವರ್ಷ ಹೆಂಡತಿಯ ಬಾಚಣಿಗೆಯಿಂದ ತಂದ ಕೂದಲಿಗೆ ಐವತ್ತು ಗ್ರಾಮಿನ ತೂಕದ ಕಲ್ಲು ಕಟ್ಟಿ ಎತ್ತಿದೆ. ಪಟ್ಟಂತ ಹರಿಯಿತು. ಇನ್ನೊಂದು ಕಟ್ಟಿದೆ, ಅದೂ ಹರಿಯಿತು.

"ಸರ್, ಮನ್ಯಾಗ ಅಕ್ಕೋರು ಸರಿಯಾಗಿ ಉಣ್ಣಂಗಿಲ್ಲೇನ್ರಿ?" ಎಂದಳು ಒಬ್ಬ ಹುಡುಗಿ. ತರಗತಿಯೆಲ್ಲ ಗೊಳ್ಳೆಂದಿತು.

ಆ ಭಾನುವಾರ ಕುರುಗೋಡಿಗೆ ಹೋಗಿ ನಡೆದದ್ದನ್ನೆಲ್ಲ ಹೇಳಿ, ಅವ್ವನ ಹತ್ತಿರ ಒಂದೇ ಒಂದು ಕೂದಲು ಕೇಳಿದೆ. ಅವಳದು ದಪ್ಪ, ಉದ್ದ ಕೂದಲು; ಬಣ್ಣ ಕಂಡದ್ದಲ್ಲ, ಶಾಂಪೂ ಕಂಡದ್ದಲ್ಲ. ಆದರೆ ಅದು ಹರಕೆಯ ಕೂದಲು. ಬಳ್ಳಾರಿಯಲ್ಲಿ ನನ್ನ ಹೆಂಡತಿಯ ಹೆರಿಗೆ ಕಷ್ಟವಾದಾಗ, ತಾಯಿ ಮಗು ಇಬ್ಬರೂ ಉಳಿದರೆ ಮುಡಿ ಕೊಡುತ್ತೇನೆಂದು ಮನೆದೇವರಿಗೆ ಹೇಳಿಕೊಂಡಿದ್ದಳು. ಅಂದಿನಿಂದ ಬಾಚುವಾಗ ಉದುರಿದ್ದನ್ನೂ ಬಿಸಾಡದೆ ಬಟ್ಟೆಯಲ್ಲಿ ಕಟ್ಟಿಡುತ್ತಿದ್ದಳು.

"ಅದು ದೇವ್ರದು. ಮುಟ್ಟಬ್ಯಾಡ," ಎಂದಳು.

"ಒಂದ ಎಳಿ ಕೊಡವ್ವ. ದೇವ್ರೇನ್ ಎಣಿಸ್ತಾನ?"

"ನಾ ಎಣಿಸ್ತೀನಲ್ಲ."

ಇಂಥದ್ದರಲ್ಲಿ ಅವ್ವ ಜಗ್ಗುವವಳಲ್ಲ. ನನಗೂ ಸಿಟ್ಟು ಬಂದು ಉಣ್ಣದೆ ಬಸ್ಸು ಹತ್ತಿದೆ. ಎಷ್ಟು ದೊಡ್ಡ ಮೇಷ್ಟ್ರಾದರೂ ಅವಳ ಮುಂದೆ ಮುನಿಸಿಕೊಳ್ಳುವುದು ಬಿಟ್ಟಿಲ್ಲ.

ಈ ವರ್ಷ ಅವ್ವ ಮುಡಿ ಕೊಟ್ಟು ಬಂದಳು. ನೋಡಲು ಹೋದರೆ ಬೋಳುತಲೆಯ ಮೇಲೆ ಸೆರಗು ಎಳೆದುಕೊಂಡು ನಾಚಿ ನಿಂತಿದ್ದಳು. ತೀರ ಸಣ್ಣವಳಾಗಿ ಕಂಡಳು. ಹೊರಡುವಾಗ ನನ್ನ ಕೈಗೆ ಒಂದು ಕಡ್ಡಿಪೆಟ್ಟಿಗೆ ಕೊಟ್ಟಳು. ತೆರೆದು ನೋಡಿದರೆ, ಒಂದು ಕಡ್ಡಿಗೆ ಸುತ್ತಿದ ಒಂದೇ ಕೂದಲು.

"ಹೋದ ವರ್ಷ ಗಂಟು ಹಾಕಿದ್ದಿ, ಹೌದಿಲ್ಲೋ? ಗಂಟಿನ್ಯಾಗ ಹರೀತೈತಿ. ಎರಡೂ ತುದಿ ಒಂದೊಂದ ಕಡ್ಡಿಗೆ ಸುತ್ತು, ಗಂಟು ಹಾಕಬ್ಯಾಡ."

ಮರುದಿನ ತರಗತಿಯಲ್ಲಿ ಅವಳು ಹೇಳಿದ ಹಾಗೇ ಸುತ್ತಿದೆ. ಕಲ್ಲನ್ನು ಕೆಳಗಿನ ಕಡ್ಡಿಗೆ ತೂಗುಹಾಕಿ ಮೆಲ್ಲಗೆ ಎತ್ತಿದೆ. ಕೂದಲು ಒಂದಿಷ್ಟು ಜಗ್ಗಿತು, ಹರಿಯಲಿಲ್ಲ. ಕಲ್ಲು ಮೇಜು ಬಿಟ್ಟು ಮೇಲೆ ನಿಂತಿತು. ಕಳೆದ ವರ್ಷ ನಕ್ಕವರ ತಂಗಿಯರೆಲ್ಲ ಚಪ್ಪಾಳೆ ಹೊಡೆದರು. ಮಧ್ಯಾಹ್ನದ ಬಿಡುವಿನಲ್ಲಿ ಅವ್ವನಿಗೆ ಫೋನ್ ಮಾಡಿದೆ.

"ಹರೀಲಿಲ್ಲವ್ವ!"

"ಜ್ವಾಪಾನ ಇಡಪ್ಪ ಅದನ್ನ," ಎಂದಳು. "ಹರಕಿ ಒಂದ ಎಳಿ ಕಮ್ಮಿ ಬಿದ್ದೈತಿ. ದೇವ್ರು ಕೇಳಿದ್ರ, ನನ್ನ ಮಗ ಕೇಳಿದ್ದ ಅಂತೀನಿ."