ಹ್ಯಾಂಗ್ ಆಗದ ಕಂಪ್ಯೂಟರು

ಮೊನ್ನೆ ನವಿ ಮುಂಬಯಿಯ ನೆರೂಳದ ಮನೆಯ ಅಟ್ಟ ಖಾಲಿ ಮಾಡುವಾಗ ಹಳೆಯ ಹೆಡ್‌ಫೋನ್ ಸಿಕ್ಕಿತು. ಕಿವಿಯ ಸ್ಪಂಜು ಪುಡಿಯಾಗಿ ಬೆರಳಿಗೆ ಕಪ್ಪಗೆ ಅಂಟಿತು. ಮೂಗಿನ ಹತ್ತಿರ ಹಿಡಿದೆ. ಕೊಬ್ಬರಿ ಎಣ್ಣೆಯ ವಾಸನೆ ಇತ್ತೋ, ಇದೆಯೆಂದು ನನಗೇ ಅನಿಸಿತೋ... ಪಕ್ಕದ ಮನೆಯ ಅಕ್ಕ ನೆನಪಾದರು.

ಅಕ್ಕ ಉಡುಪಿ ಕಡೆಯವರು. ಸ್ಟೇಷನ್ ಹತ್ತಿರ ಹೋಟೆಲು ಇಟ್ಟಿದ್ದ ಅಣ್ಣನ ಮನೆಯಲ್ಲಿದ್ದರು. ಹುಟ್ಟಿನಿಂದಲೇ ಕಣ್ಣು ಕಾಣುತ್ತಿರಲಿಲ್ಲ. ತೊಂಬತ್ತರ ದಶಕದ ಕೊನೆಗೆ, ಪರದೆಯ ಮೇಲಿನ ಅಕ್ಷರವನ್ನು ಕಿವಿಗೆ ಓದಿ ಹೇಳುವ ಕಂಪ್ಯೂಟರಿನಲ್ಲಿ ಟೈಪಿಂಗ್ ಕಲಿತಿದ್ದರು. "ಅತ್ತಿಗೆಯ ಹಂಗಿನ ಅನ್ನ ಸಾಕಾಯ್ತು ಮಾರಾಯ" ಎಂದು ನನ್ನ ಬಳಿ ಮಾತ್ರ ಹೇಳಿದ್ದರು. ತುರ್ಭೆಯ ಒಂದು ಕಂಪನಿಯಲ್ಲಿ ಕೆಲಸ ಖಾಲಿ ಇತ್ತು. ತೊಂದರೆ ಒಂದೇ, ಓದುತ್ತ ಓದುತ್ತ ಅವರ ಕಂಪ್ಯೂಟರು ಹ್ಯಾಂಗ್ ಆಗಿಬಿಡುತ್ತಿತ್ತು.

ನಾನು ಆಗ ಮಹಾಪೆಯಲ್ಲಿ ಸೌಂಡ್ ಕಾರ್ಡಿನ ಡ್ರೈವರ್ ಬರೆಯುತ್ತಿದ್ದೆ. ಕಂಪ್ಯೂಟರಿನ ಮಾತನ್ನು, ಶಬ್ದ ಹೊರಡಿಸುವ ಆ ಕಾರ್ಡಿಗೆ ತಿಳಿಸುವ ಪ್ರೋಗ್ರಾಮು ಅದು. ಅಕ್ಕನ ಕಂಪ್ಯೂಟರು ಹ್ಯಾಂಗ್ ಆಗುತ್ತಿದ್ದುದು ಅದರ ಹಳೆಯ ಡ್ರೈವರಿನಿಂದಲೇ. ಇದೇನು ಮಹಾ ಎಂದು ಮೀಸೆ ತಿರುವಿಕೊಂಡೇ ಹೊಸದೊಂದು ಬರೆದು ಹಾಕಿಕೊಟ್ಟೆ. ಕಾರ್ಡು ತಕರಾರು ತೆಗೆದ ಕೂಡಲೇ ನನ್ನ ಡ್ರೈವರು ಶಬ್ದ ನಿಲ್ಲಿಸಿಬಿಡುತ್ತಿತ್ತು, ಉಳಿದದ್ದೆಲ್ಲ ನಡೆಯುತ್ತಿತ್ತು. ಹಾಡು ನಿಂತರೆ ಯಾರಪ್ಪನ ಗಂಟು ಹೋಗುತ್ತದೆ, ಯಂತ್ರ ಕೆಡದಿದ್ದರೆ ಸಾಕು... ಆಫೀಸಿನಲ್ಲಿ ನಾವೆಲ್ಲ ಹಾಗೇ ಯೋಚಿಸುತ್ತಿದ್ದೆವು.

ಕೆಲಸದ ಪರೀಕ್ಷೆಯ ದಿನ ಆ ಕಂಪ್ಯೂಟರನ್ನೇ ರಿಕ್ಷಾದಲ್ಲಿ ಒಯ್ದೆವು. ಕಂಪನಿಯ ಸಾಹೇಬರು ಹೇಳಿದ ಪತ್ರವನ್ನು ಅಕ್ಕ ಹೆಡ್‌ಫೋನ್ ಹಾಕಿಕೊಂಡು ಸರಸರ ಟೈಪ್ ಮಾಡಿದರು. ತಪ್ಪು ತಿದ್ದಲು ಅದನ್ನು ಕೇಳಿಸಿಕೊಳ್ಳುತ್ತಿದ್ದವರ ಬೆರಳು ಅರ್ಧಕ್ಕೇ ನಿಂತವು. ತಲೆ ಓರೆ ಮಾಡಿ ಕಾದರು.

"ಮಷೀನ್ ಬಂದ್ ಪಡ್ ಗಯಾ ಕ್ಯಾ?" ಯಂತ್ರ ನಿಂತುಹೋಯಿತೇ ಎಂದು ಸಾಹೇಬರು ಕೇಳಿದರು.

ಪರದೆಯ ಮೇಲೆ ಕರ್ಸರ್ ಮಿಟುಕುತ್ತಿತ್ತು. ಹ್ಯಾಂಗ್ ಆಗಿಲ್ಲ ಎಂದು ನನಗೋ ಖುಷಿ. "ನಹೀ ಸರ್, ಏಕ್‌ದಮ್ ಠೀಕ್ ಹೈ!" ಎಂದೆ, ಎದೆಯುಬ್ಬಿಸಿ.

ಹಾಗಿದ್ದರೆ ಕೆಲಸ ಬಾರದಿರುವುದು ಇವರಿಗೇ ಎಂಬಂತೆ ಸಾಹೇಬರು ಅಕ್ಕನನ್ನು ನೋಡಿದರು. ಅಕ್ಕನ ಕಿವಿಯಲ್ಲಿ ಮಾತು ನಿಂತಿದೆ ಎಂದು ಆಗ ನನಗೆ ಹೊಳೆಯಿತು. ಏನೇನೋ ವಿವರಿಸಿದೆ. "ಆಪ್ ಹೀ ತೋ ಬೋಲೇ, ಠೀಕ್ ಹೈ" ಎಂದು ನನ್ನ ಮಾತನ್ನೇ ನನಗೆ ತಿರುಗಿಸಿ ಸಾಹೇಬರು ಮುಂದಿನವರನ್ನು ಕರೆದರು. ನೆಲ ಬಾಯಿ ಬಿಡಬಾರದೇ ಎನಿಸಿತು.

ಹಿಂದಿರುಗುವಾಗ ರಿಕ್ಷಾದಲ್ಲಿ ಅಕ್ಕ ಕೇಳಿದರು, "ನಾನೇ ಎಂತದೋ ತಪ್ಪು ಒತ್ತಿದೆನಾ ಏನೋ... ಕಂಪ್ಯೂಟರಿಗೆ ಏನೂ ಆಗ್ಲಿಲ್ಲ ಅಲ್ವಾ?"

"ತಪ್ಪು ನಂದು ಅಕ್ಕ" ಎಂದು ನಡೆದದ್ದೆಲ್ಲ ಹೇಳಿದೆ. ಸಮಾಧಾನಕ್ಕೆ ಹೇಳುತ್ತಿದ್ದೇನೆ ಎಂದುಕೊಂಡರು. "ನೀನು ಒಳ್ಳೆಯವ ಮಾರಾಯ" ಎಂದು ಭುಜ ತಟ್ಟಿದರು.

ಆ ವಾರವೇ ಡ್ರೈವರು ತಿದ್ದಿದೆ. ಕಾರ್ಡು ತಪ್ಪಿದರೆ ಅದನ್ನೇ ಮತ್ತೆ ಚಾಲೂ ಮಾಡಿ, ಬಿಟ್ಟಲ್ಲಿಂದ ಮಾತು ಮುಂದುವರಿಯುವಂತೆ ಮಾಡಿದೆ. ಕೋಟೆ ಸೂರೆಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದ ಹಾಗೆ. ಅಕ್ಕ ಮತ್ತೆ ಕಂಪ್ಯೂಟರಿನ ಮುಂದೆ ಕೂರಲಿಲ್ಲ. ಹೆಡ್‌ಫೋನನ್ನು ನನಗೇ ಕೊಟ್ಟುಬಿಟ್ಟರು.

ಹೋದ ವರ್ಷ ತೀರಿಕೊಂಡರಂತೆ, ಕೊನೆಯವರೆಗೂ ಅತ್ತಿಗೆಯ ಮನೆಯಲ್ಲೇ... ಹೆಡ್‌ಫೋನನ್ನು ಎಸೆಯಲು ಕೈ ಬರಲಿಲ್ಲ, ಮತ್ತೆ ಅಟ್ಟಕ್ಕೇ ಹಾಕಿದೆ. ಅವರು ಬೈದು ಹೋಗಿದ್ದರೆ ಎಂದೋ ಮರೆಯುತ್ತಿದ್ದೆನೇನೋ. ನನ್ನನ್ನು ಒಳ್ಳೆಯವನೆಂದೇ ತಿಳಿದು ಹೋದರಲ್ಲ, ನಾಚಿಕೆಯಾಗುವುದು ಅದಕ್ಕೆ.