ಕುರಾರ್ ಪಟ್ಟಿಯ ಮೂರನೆಯ ಕೈ

ದೈವದ ಮಾತು ಬೇರೆ, ಅದಕ್ಕೆ ನಾನೂ ಕೈ ಮುಗಿಯುತ್ತೇನೆ. ಆದರೆ ಸತ್ತವರು ಬಂದು ಪಕ್ಕದಲ್ಲಿ ಕೂತರು, ಹೆಗಲು ಮುಟ್ಟಿದರು ಎಂದು ಯಾರಾದರೂ ಹೇಳಿದರೆ ನನಗೆ ನಗು ತಡೆಯಲಾಗುತ್ತಿರಲಿಲ್ಲ. ಬಹರೈನಿನ ಜುಫೈರ್‌ನ ನಮ್ಮ ಫ್ಲಾಟಿನಲ್ಲಿ ಶುಕ್ರವಾರ ಊರಿನ ಹೆಂಗಸರು ಸೇರಿದಾಗ ಇಂಥ ಕಥೆ ಶುರುವಾದರೆ, "ಊಟ ಸ್ವಲ್ಪ ಜಾಸ್ತಿಯಾಯಿತಾ?" ಎಂದು ಕೇಳಿ ಅವರ ಬಾಯಿ ಮುಚ್ಚಿಸುತ್ತಿದ್ದವಳು ನಾನೇ. ಈಗ ನನ್ನ ಸರದಿ. ನಗುವವರು ನಗಲಿ, ನಡೆದದ್ದನ್ನು ನಡೆದ ಹಾಗೆ ಬರೆಯುತ್ತೇನೆ.

ಅದು ಅಮ್ಮ ತೀರಿಕೊಂಡ ವರ್ಷ. ಊರಿನಲ್ಲಿ ಕಟಪಾಡಿಯ ಹತ್ತಿರ ನನ್ನ ತವರುಮನೆ. ಅಮ್ಮ ಮಲ್ಲಿಗೆ ಕಟ್ಟುತ್ತಿದ್ದರು. ನೆನೆಸಿದ ಬಾಳೆನಾರಿನಲ್ಲಿ ದಿನವೂ ಕೈಯಾಡಿಸಿ ಅವರ ಬೆರಳುಗಳು ಯಾವಾಗಲೂ ತಣ್ಣಗಿರುತ್ತಿದ್ದವು, ತುದಿ ಒರಟು. ಸುದ್ದಿ ಬಂದ ಕೂಡಲೇ ಹೊರಟರೂ ನಾನು ಊರು ಮುಟ್ಟುವಾಗ ಎಲ್ಲ ಮುಗಿದಿತ್ತು. ಆ ಕೈಯನ್ನು ಇನ್ನೊಂದು ಸಲ ಹಿಡಿಯಬೇಕಿತ್ತು, ಅಷ್ಟೇ. ಬಹರೈನಿಗೆ ಮರಳಿದ ಮೇಲೆ ಆಫೀಸಿನಲ್ಲಿ ಕೂತರೂ ಅಡುಗೆಮನೆಯಲ್ಲಿ ನಿಂತರೂ ಅದೊಂದೇ ಹಂಬಲ. ಗಂಡ ಸಮಾಧಾನ ಹೇಳಿ ಹೇಳಿ ಸುಸ್ತಾಗಿದ್ದರು.

ನನ್ನ ಬಾಡಿದ ಮುಖ ನೋಡಲಾರದೆ ಗೆಳತಿ ಮುಮ್ತಾಜ್ ಒಂದು ರಜಾದಿನದ ಮಧ್ಯಾಹ್ನ ಮನೆಗೇ ಬಂದಳು. ಅವಳು ಉಳ್ಳಾಲದ ಬ್ಯಾರಿ ಹೆಣ್ಣು, ಗಂಡನಿಗೆ ಮುಹರ್ರಕ್‌ನಲ್ಲಿ ಹೊಲಿಗೆ ಅಂಗಡಿ. "ಎಂತ ಅಕ್ಕ, ಮನೆಯಲ್ಲೇ ಕೂತು ಎಂತ ಮಾಡುದು? ಬನ್ನಿ, ಒಂದು ಚಂದದ ಕೆಲಸ ತೋರಿಸ್ತೇನೆ" ಎಂದು ಎಬ್ಬಿಸಿದಳು. ಮುಹರ್ರಕ್ ಎಂದರೆ ನನಗೆ ವಿಮಾನ ನಿಲ್ದಾಣ. ಇಷ್ಟು ವರ್ಷ ಸೂಟ್‌ಕೇಸ್ ಎಳೆದುಕೊಂಡು ಬಂದು ಹೋದದ್ದು ಬಿಟ್ಟರೆ ಅಲ್ಲಿನ ಗಲ್ಲಿಗಳಲ್ಲಿ ಏನಿದೆ ಎಂದು ಇಣುಕಿಯೂ ನೋಡಿರಲಿಲ್ಲ.

ಅವಳು ಕರೆದೊಯ್ದದ್ದು ಉಮ್ಮ್ ಯೂಸುಫ್ ಎಂಬ ಹಿರಿಯ ಹೆಂಗಸಿನ ಹಳೆಯ ಮನೆಗೆ. ಅಲ್ಲಿ ಕುರಾರ್ ಮಾಡುತ್ತಾರೆ. ಮದುವೆ ಹೆಣ್ಣಿನ ನಿಲುವಂಗಿಯ ಅಂಚಿಗೆ ಹಾಕುವ ಜರಿಪಟ್ಟಿ ಅದು. ಒಬ್ಬರೇ ಮಾಡಲಾಗದ ಕೆಲಸ. ಒಬ್ಬರು ಸೂಜಿ ಹಿಡಿದು ಹೊಲಿಯುತ್ತಾರೆ. ಉಳಿದವರು ಎದುರಿಗೆ ಕೂತು, ಬೆರಳುಗಳಿಗೆ ಜರಿಯ ಎಳೆಗಳನ್ನು ಸಿಕ್ಕಿಸಿಕೊಂಡು, ಒಬ್ಬರ ಕೈಯಿಂದ ಒಬ್ಬರ ಕೈಗೆ ದಾಟಿಸುತ್ತ ಜಡೆಯ ಹಾಗೆ ಹೆಣೆಯುತ್ತಾರೆ. ಹಿಡಿಯುವ ಕೈ ಹೆಚ್ಚಾದಷ್ಟೂ ಎಳೆ ಹೆಚ್ಚು, ಪಟ್ಟಿ ಅಗಲ. ನೋಡುತ್ತ ನೋಡುತ್ತ ನಾನು ಬಂದದ್ದು ಯಾಕೆಂಬುದನ್ನೇ ಮರೆತೆ.

ದಿನವೂ ಬರುವ ನೆರೆಯವರಿಬ್ಬರೂ ಅಂದು ಬಂದಿರಲಿಲ್ಲ. ನನ್ನನ್ನೇ ಕೂರಿಸಿದರು. ಎಳೆ ಹಿಡಿಯಲು ಮುಮ್ತಾಜ್ ಮತ್ತು ನಾನು, ಇಬ್ಬರೇ. ಹಾಗಾಗಿ ಸಪೂರ ಪಟ್ಟಿ ಸಾಕೆಂದು ಉಮ್ಮ್ ಯೂಸುಫ್ ತಲೆ ತಗ್ಗಿಸಿ ಹೊಲಿಯತೊಡಗಿದರು. ನನ್ನ ಎಳೆ ಪದೇ ಪದೇ ಜಾರುತ್ತಿತ್ತು. ಕಿರುಬೆರಳನ್ನು ಮಡಚುವುದು ನನ್ನ ಹಳೆಯ ಚಾಳಿ. ಚಿಕ್ಕವಳಿದ್ದಾಗ ಮೊಗ್ಗು ಎತ್ತಿ ಕೊಡುವಾಗಲೂ ಮಡಚುತ್ತಿದ್ದೆ, ಅಮ್ಮ ಮಾತಾಡದೆ ಅದನ್ನು ಹಿಡಿದು ನೆಟ್ಟಗೆ ಮಾಡುತ್ತಿದ್ದರು.

ಆಗಲೇ ಅದು ನಡೆದದ್ದು. ಕಿಟಕಿಯಿಂದ ಬಿಸಿಲು ಬಂದಿತ್ತು, ಹಳೆಯ ಎ.ಸಿ. ಗೊರಗುಟ್ಟುತ್ತಿತ್ತು. ನನ್ನ ಎಡಗಡೆ ಯಾರೂ ಇಲ್ಲದ ಜಾಗದಿಂದ ತಣ್ಣನೆಯ, ಒರಟು ತುದಿಯ ಬೆರಳುಗಳು ಬಂದು ನನ್ನ ಕಿರುಬೆರಳನ್ನು ಹಿಡಿದು ನೆಟ್ಟಗೆ ಮಾಡಿದವು. ತಿರುಗಿ ನೋಡಲಿಲ್ಲ. ನೋಡಿದರೆ ಹೋಗಿಬಿಡುತ್ತಾರೆ ಎನಿಸಿತು. ಆ ಕೈ ನನ್ನ ಎಳೆಗಳನ್ನು ಬಿಡಿಸಿಕೊಂಡಿತು, ಮತ್ತೆ ನನಗೇ ತೊಡಿಸಿತು. ನಾನು ಕೊಟ್ಟೆ, ತೆಗೆದುಕೊಂಡೆ. ಎಷ್ಟು ಹೊತ್ತೋ ತಿಳಿಯದು. ಅಷ್ಟು ಸುಖ ನನಗೆ ಅದಕ್ಕಿಂತ ಮೊದಲೂ ಆಗಿರಲಿಲ್ಲ, ಆಮೇಲೂ ಆಗಿಲ್ಲ.

"ಅಕ್ಕ, ಯಾಕೆ ಅಳ್ತಾ ಇದ್ದೀರಿ?" ಎಂದು ಮುಮ್ತಾಜ್ ಕೇಳಿದಾಗ ಪಕ್ಕದಲ್ಲಿ ಬರಿಯ ದಿಂಬು.

ಉಮ್ಮ್ ಯೂಸುಫ್ ಪಟ್ಟಿಯನ್ನು ಬೆಳಕಿಗೆ ಹಿಡಿದು ಹೆಬ್ಬೆರಳಿನಿಂದ ಸವರಿದರು. ಮತ್ತೆ ಸವರಿದರು. ಅರಬಿಯಲ್ಲಿ ಏನೋ ಕೇಳಿದರು. ಮುಮ್ತಾಜ್ ನನ್ನ ಕಡೆ ತಿರುಗಿ ಹೇಳಿದಳು: "ಇಬ್ರು ಹಿಡಿದ್ರೆ ಇಷ್ಟು ಅಗಲ ಬರುದಿಲ್ಲಂತೆ ಅಕ್ಕ. ಮೂರನೇದು ಯಾರು ಹಿಡಿದದ್ದು ಅಂತ ಕೇಳ್ತಾರೆ."

ನಾನು ಪಕ್ಕದ ದಿಂಬನ್ನು ನೋಡಿದೆ. ಉಮ್ಮ್ ಯೂಸುಫ್ ಆ ತುಂಡನ್ನು ಕತ್ತರಿಸಿ ನನ್ನ ಕೈಯಲ್ಲಿಟ್ಟು ಮುಷ್ಟಿ ಮುಚ್ಚಿದರು.

ಆಮೇಲೆ ಎಷ್ಟೋ ಸಲ ಅಲ್ಲಿಗೆ ಹೋಗಿದ್ದೇನೆ. ಎಡಗಡೆ ಜಾಗ ಬಿಟ್ಟು, ಬೇಕೆಂದೇ ಬೆರಳು ಮಡಚಿ ಕೂತಿದ್ದೇನೆ. ಎಳೆ ಜಾರುತ್ತದೆ, ಉಮ್ಮ್ ಯೂಸುಫ್ ಗದರುತ್ತಾರೆ, ಅಷ್ಟೇ.

ನನ್ನ ಗಂಡ ಎಂಜಿನಿಯರ್. ಹೊಸಬಳ ಕೈಯಲ್ಲಿ ಹೆಣಿಗೆ ಸಡಿಲವಾಗಿ ಅಗಲ ಕಾಣುತ್ತಿದೆ ಎನ್ನುವುದು ಅವರ ವಾದ. ಇರಬಹುದು, ನನಗೂ ಹಾಗೆ ಅನಿಸಿದ್ದುಂಟು. ಮೊನ್ನೆ ಕತ್ತರಿ ಹಿಡಿದುಕೊಂಡೇ ಬಂದರು: "ಒಂದು ತುದಿ ಬಿಚ್ಚಿ ಎಳೆ ಎಣಿಸುವ. ಇಬ್ಬರದ್ದೋ ಮೂವರದ್ದೋ ಈಗಲೇ ಗೊತ್ತಾಗ್ತದೆ. ನಿನಗೂ ನೆಮ್ಮದಿ."

ಇಬ್ಬರದ್ದೇ ಎಂದಾದರೆ ನಾನು ಏನು ಮಾಡಲಿ? ಮೂವರದ್ದು ಎಂದಾದರೆ, ಅಮ್ಮ ನನ್ನ ಜೊತೆ ಕೂತು ಹೆಣೆದದ್ದನ್ನು ನಾನೇ ಬಿಚ್ಚಿದ ಹಾಗಾಯಿತು. ಕತ್ತರಿಯನ್ನು ಅವರ ಕೈಯಿಂದ ತೆಗೆದುಕೊಂಡೆ. ನನಗೆ ಗೊತ್ತಾಗುವುದು ಬೇಡ.